ಅಮೆರಿಕದ ಕೋರ್ಟಿಗೆ ಹೇಬಿಯಸ್ ಹಾಕುವ ಮುಂಚೆ ತಾರೀಖು ನೋಡಿ

ಹೋದ ವರ್ಷ ಆಷಾಢದ ಒಂದು ಸಂಜೆ ಪಕ್ಕದ ತೋಟದ ಮಾವ ಕೊಡೆ ಮಡಚುತ್ತಾ ನಮ್ಮ ಜಗಲಿ ಹತ್ತಿದರು. ಸೋಮವಾರಪೇಟೆ ಕಡೆ ಮಳೆ ಹಿಡಿದು ಎಂಟು ದಿನವಾಗಿತ್ತು. ಕರೆಂಟ್ ಹೋಗಿ ಮೂರು ದಿನ. "ನಿನ್ನ ಫೋನಲ್ಲಿ ಚಾರ್ಜ್ ಇದೆಯಾ? ಒಂದು ಕಾಗದ ನೋಡಬೇಕಿತ್ತು" ಎಂದರು. ಜೀಪಿನ ಬ್ಯಾಟರಿಯಿಂದ ಚಾರ್ಜ್ ಮಾಡಿಟ್ಟುಕೊಂಡಿದ್ದೆ. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಕಳಿಸಿದ ಹನ್ನೊಂದು ಪುಟ ಅದರಲ್ಲಿ ಇಳಿದು ಬಂತು. ಜೊತೆಗೆ ಬೆಂಗಳೂರಿನಲ್ಲಿ ಯಾರೋ ಕೊಟ್ಟ ಒಂದು ರಸೀದಿ. ಅದರ ಮೇಲೆ "ಫೆಡರಲ್ ಹೇಬಿಯಸ್ ಕಾರ್ಪಸ್, ಮುಂಗಡ" ಎಂದು ಬರೆದಿತ್ತು. ಒಬ್ಬನನ್ನು ಯಾವ ಅಧಿಕಾರದ ಮೇಲೆ ಹಿಡಿದಿಟ್ಟಿದ್ದೀರಿ ಎಂದು ಕೋರ್ಟಿನಿಂದ ಕೇಳಿಸುವ ಅರ್ಜಿ ಅದು.

ಹುಡುಗನ ಮೇಲೆ ಒಂದು ಸಣ್ಣ ಕಳ್ಳತನದ ಕೇಸಿತ್ತು. ವಕೀಲರ ಮಾತು ಕೇಳಿ ತಪ್ಪೊಪ್ಪಿಕೊಂಡಿದ್ದ. ಜೈಲಿಲ್ಲ, ಒಂದು ವರ್ಷದ ಪ್ರೊಬೇಷನ್, ಅಂದರೆ ಅಧಿಕಾರಿಯ ಕಣ್ಣಳತೆಯಲ್ಲಿ ಹೊರಗಿರುವ ಶಿಕ್ಷೆ. ಆಗ ಯಾರಿಗೂ ಹೇಳಿರಲಿಲ್ಲ. ಈಗ ಗ್ರೀನ್ ಕಾರ್ಡಿಗೆ ಕುತ್ತು ಬಂದಾಗ ಮನೆಗೆ ಗೊತ್ತಾಗಿದೆ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಪ್ರೊಬೇಷನ್ ಯಾವತ್ತು ಮುಗೀತು ಮಾವ?"

"ಅದು ಮುಗಿದು ವರ್ಷದ ಮೇಲಾಯ್ತಲ್ಲ" ಎಂದರು, ನೆಮ್ಮದಿಯಿಂದ. ಅವರ ಪಾಲಿಗೆ ಅದು ಒಳ್ಳೆಯ ಸುದ್ದಿ. ಮುಂಗಡದ ದುಡ್ಡು ಹೊಳೆಗೆ ಹಾಕಿದಂತಾಯಿತು ಎಂದು ನನಗೆ ಅಲ್ಲೇ ಗೊತ್ತಾಯಿತು.

ಯಾಕೆ ಎಂದು ಅವತ್ತು ಸೀಮೆಎಣ್ಣೆ ದೀಪದ ಬೆಳಕಲ್ಲಿ ಒಂದೂವರೆ ಗಂಟೆ ವಿವರಿಸಿದೆ. ಆಮೇಲೆ ಬೇರೆಯವರೂ ಕೇಳುತ್ತಾ ಬಂದಿದ್ದರಿಂದ ಬರೆದಿಡೋಣ ಅನ್ನಿಸಿತು. ಕೊಡಗಿನಲ್ಲಿ ಈಗ ಅಮೆರಿಕದಲ್ಲಿ ಯಾರೂ ಇಲ್ಲದ ಮನೆ ಹುಡುಕಬೇಕು. ಇಷ್ಟು ಜನ ಹೋದ ಮೇಲೆ ಒಬ್ಬಿಬ್ಬರು ಕೋರ್ಟು ಮೆಟ್ಟಿಲು ಹತ್ತುವುದೂ ಸಹಜವೇ. ದೂರದ ಕೋರ್ಟು ನಮ್ಮ ಸೀಮೆಗೆ ಹೊಸದೂ ಅಲ್ಲ ಬಿಡಿ. 1834ರಲ್ಲಿ ಪಟ್ಟ ಕಳೆದುಕೊಂಡ ಚಿಕ್ಕವೀರರಾಜೇಂದ್ರ 1852ರಲ್ಲಿ ಲಂಡನ್ನಿಗೇ ಹೋಗಿ ಕಂಪನಿಯ ಮೇಲೆ ದಾವೆ ಹೂಡಿದ್ದ. ವಾಪಸ್ ಬರಲಿಲ್ಲ.

ನನ್ನ ವಿಷಯ ಸ್ವಲ್ಪ. ಕಾನೂನು ಓದಿದ್ದೇನೆ, ಕರಿಕೋಟು ಹಾಕಲಿಲ್ಲ. ಬೆಂಗಳೂರಿನಲ್ಲಿ ಅಮೆರಿಕದ ವಕೀಲರಿಗೆ ಫೈಲು ಓದಿ ಟಿಪ್ಪಣಿ ಮಾಡಿಕೊಡುವ ಆಫೀಸೊಂದರಲ್ಲಿ ಹನ್ನೊಂದು ವರ್ಷ ರಾತ್ರಿ ಪಾಳಿ ಮಾಡಿದೆ. ಅಪ್ಪ ಹೋದ ಮೇಲೆ ತೋಟಕ್ಕೆ ಬಂದೆ. ಈಗ ಅರೇಬಿಕಾ, ಕಾಳುಮೆಣಸು, ಆನೆ ಕಾಟ. ಹಾಗಾಗಿ ಇದನ್ನು ಓದಿ ವಕೀಲರನ್ನು ಬಿಡಬೇಡಿ. ವಕೀಲರನ್ನು ಸರಿಯಾದ ಪ್ರಶ್ನೆ ಕೇಳಲು ಇದನ್ನು ಬಳಸಿ.

ಮೊದಲು ನಮ್ಮೂರಿನ ಅರ್ಥ ಬದಿಗಿಡಿ

ಹೇಬಿಯಸ್ ಕಾರ್ಪಸ್ ಅಂದ ಕೂಡಲೇ ನಮಗೆ ನೆನಪಾಗುವುದು ಓಡಿಹೋದ ಹುಡುಗಿ. ಅಪ್ಪ ಹೈಕೋರ್ಟಿಗೆ ಹೋಗುತ್ತಾನೆ, ಪೊಲೀಸರು ಹುಡುಗಿಯನ್ನು ಕರೆತರುತ್ತಾರೆ, ಅವಳು "ನಾನು ಇಷ್ಟಪಟ್ಟೇ ಹೋಗಿದ್ದು" ಎನ್ನುತ್ತಾಳೆ, ಕೇಸು ಮುಗಿಯಿತು. ಸ್ವಲ್ಪ ವಯಸ್ಸಾದವರಿಗೆ ತುರ್ತುಪರಿಸ್ಥಿತಿ ನೆನಪಾಗಬಹುದು. ನಮ್ಮಲ್ಲಿ ಸರಿಯಾದ ಅಧಿಕಾರವಿರುವ ಕೋರ್ಟೇ ಶಿಕ್ಷೆ ಕೊಟ್ಟು ಜೈಲಿಗೆ ಕಳಿಸಿದ್ದರೆ ಸಾಮಾನ್ಯವಾಗಿ ಹೇಬಿಯಸ್ ನಡೆಯುವುದಿಲ್ಲ. ಅಪೀಲಿಗೇ ಹೋಗಬೇಕು.

ಅಮೆರಿಕದಲ್ಲಿ ಉಲ್ಟಾ. ಅಲ್ಲಿ ಹೇಬಿಯಸ್ಸಿನ ದೊಡ್ಡ ಉಪಯೋಗವೇ ಶಿಕ್ಷೆಯಾದವರಿಗೆ. ಅಲ್ಲಿ ಎರಡು ಬೇರೆ ಬೇರೆ ಕೋರ್ಟು ಮನೆತನಗಳಿವೆ. ರಾಜ್ಯದ ಕೋರ್ಟುಗಳು ಒಂದು, ಕೇಂದ್ರದ ಫೆಡರಲ್ ಕೋರ್ಟುಗಳು ಇನ್ನೊಂದು. ಕಳ್ಳತನ, ಹೊಡೆದಾಟ, ಕುಡಿದು ಗಾಡಿ ಓಡಿಸಿದ್ದು, ಇಂಥವೆಲ್ಲ ಬಹುಪಾಲು ರಾಜ್ಯದ ಕೋರ್ಟಿನಲ್ಲೇ ನಡೆಯುತ್ತವೆ. ರಾಜ್ಯದೊಳಗಿನ ಅಪೀಲುಗಳೆಲ್ಲ ಮುಗಿದ ಮೇಲೆ, "ನನ್ನ ಶಿಕ್ಷೆ ಅಮೆರಿಕದ ಸಂವಿಧಾನಕ್ಕೆ ವಿರುದ್ಧ" ಎಂದು ಫೆಡರಲ್ ಕೋರ್ಟಿನ ಬಾಗಿಲು ತಟ್ಟಬಹುದು. ಆ ಬಾಗಿಲೇ ಫೆಡರಲ್ ಹೇಬಿಯಸ್.

ಆ ಬಾಗಿಲಿನ ಚಿಲಕ ಒಂದು ಪದ: ಕಸ್ಟಡಿ. ಅಮೆರಿಕದ ಕಾನೂನು ಸಂಹಿತೆಯ 28ನೇ ಭಾಗದ 2254ನೇ ಸೆಕ್ಷನ್ ಪ್ರಕಾರ ರಾಜ್ಯ ಕೋರ್ಟಿನ ತೀರ್ಪಿನ ಮೇರೆಗೆ "ಕಸ್ಟಡಿಯಲ್ಲಿರುವ" ವ್ಯಕ್ತಿಯ ಅರ್ಜಿಯನ್ನು ಮಾತ್ರ ಫೆಡರಲ್ ಕೋರ್ಟು ಕೇಳುತ್ತದೆ. ಒಂದೇ ವಾಕ್ಯದಲ್ಲಿ ಆ ಪದ ಎರಡು ಸಲ ಬರುತ್ತದೆ. ಕಸ್ಟಡಿ ಇಲ್ಲ ಅಂದರೆ ಆ ಕೋರ್ಟಿಗೆ ಅಧಿಕಾರವೇ ಇಲ್ಲ. ನೀವು ನೂರಕ್ಕೆ ನೂರು ನಿರಪರಾಧಿ ಆಗಿರಬಹುದು. ಅದು ಆಮೇಲಿನ ಮಾತು.

ಹಾಗಾಗಿ ಫೋನ್ ಮಾಡಿದವರಿಗೆ ನಾನು ಮೊದಲು ಕೇಳುವುದು "ಏನಾಯಿತು" ಎಂದಲ್ಲ, "ಶಿಕ್ಷೆ ಇವತ್ತಿಗೂ ನಡೆಯುತ್ತಾ ಇದೆಯಾ" ಎಂದು. ಕೆಲವರಿಗೆ ಬೇಜಾರಾಗುತ್ತದೆ. ಮಗನ ಕಥೆ ಹೇಳಲು ಬಂದರೆ ಇವನು ತಾರೀಖು ಕೇಳುತ್ತಾನಲ್ಲ ಎಂದು.

ಮೋಸ ಮಾಡುವ ಮೂರು ಪದ

ಪರೋಲ್ ಅಂದರೆ ನಮ್ಮ ಪತ್ರಿಕೆಗಳಲ್ಲಿ ತಂಗಿ ಮದುವೆಗೋ ತಾಯಿ ಸಾವಿಗೋ ಕೈದಿ ಕೆಲವು ದಿನ ಮನೆಗೆ ಬಂದು ಹೋಗುವುದು. ಅಮೆರಿಕದ ಪರೋಲ್ ಬೇರೆ. ಶಿಕ್ಷೆಯ ಒಂದು ಭಾಗ ಜೈಲಿನಲ್ಲಿ ಮುಗಿಸಿ, ಉಳಿದದ್ದನ್ನು ಹೊರಗೆ ಷರತ್ತಿನ ಮೇಲೆ ಕಳೆಯುವುದು. ಅದು ತಿಂಗಳು, ವರ್ಷಗಟ್ಟಲೆ ನಡೆಯಬಹುದು.

ಪ್ರೊಬೇಷನ್ ಅಂದರೆ ನಮ್ಮವರಿಗೆ ಹೊಸ ಸರ್ಕಾರಿ ನೌಕರಿಯ ಎರಡು ವರ್ಷ. ಅಲ್ಲಿ ಅದು ಜೈಲಿನ ಬದಲು ಅಥವಾ ಜೈಲಿನ ಜೊತೆಗೆ ಕೊಡುವ ಶಿಕ್ಷೆ. ಅಧಿಕಾರಿಯ ಮುಂದೆ ಹಾಜರಾಗಬೇಕು, ಹೇಳದೆ ಊರು ಬಿಡಬಾರದು, ಷರತ್ತು ಮುರಿದರೆ ಒಳಗೆ. ನಮ್ಮಲ್ಲಿ ಷರತ್ತಿನ ಜಾಮೀನು ಸಿಕ್ಕವರು ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕುತ್ತಾರಲ್ಲ, ಆ ಚಿತ್ರ ಇಟ್ಟುಕೊಳ್ಳಿ.

ಮೂರನೆಯದು ಡಿಸ್ಟ್ರಿಕ್ಟ್ ಕೋರ್ಟ್. ನಮಗೆ ಅದು ಮಡಿಕೇರಿಯ ಜಿಲ್ಲಾ ನ್ಯಾಯಾಲಯ. ಅಲ್ಲಿ ಫೆಡರಲ್ ವ್ಯವಸ್ಥೆಯ ಮೊದಲ ಹಂತದ ಕೋರ್ಟಿನ ಹೆಸರು ಅದು, ಹೇಬಿಯಸ್ ಅರ್ಜಿ ಹೋಗುವುದು ಅಲ್ಲಿಗೇ. ಆದರೆ ಕೆಲವು ರಾಜ್ಯಗಳು ತಮ್ಮ ಸ್ವಂತ ಕೋರ್ಟುಗಳಿಗೂ ಅದೇ ಹೆಸರಿಟ್ಟಿವೆ! ಕಾಗದದ ತಲೆಬರಹದಲ್ಲಿ "ಯುನೈಟೆಡ್ ಸ್ಟೇಟ್ಸ್" ಇದೆಯಾ, ರಾಜ್ಯದ ಹೆಸರಿದೆಯಾ ನೋಡಿ.

ಕಾಗದ ತರಿಸಿಕೊಳ್ಳಿ, ಬಾಯಿಮಾತು ನಂಬಬೇಡಿ

ಮಕ್ಕಳು ಅಪ್ಪ ಅಮ್ಮನಿಗೆ ಕೇಸಿನ ವಿಷಯ ಅರ್ಧ ಹೇಳುತ್ತಾರೆ. ತಪ್ಪಲ್ಲ, ನಾವೂ ಹಾಗೇ ಇದ್ದೆವು. ಆದರೆ ಇಲ್ಲಿ ಅರ್ಧ ಸಾಲದು. ಶಿಕ್ಷೆ ಕೊಟ್ಟ ಕೋರ್ಟಿನ ಕ್ಲರ್ಕ್ ಕಚೇರಿಯಿಂದ ತೀರ್ಪಿನ ದೃಢೀಕೃತ ನಕಲು ತರಿಸಲು ಹೇಳಿ. ಕೇಸಿನಲ್ಲಿ ಯಾವ ದಿನ ಏನು ನಡೆಯಿತು ಎಂಬ ಪಟ್ಟಿ ಇರುತ್ತದೆ, ಅದನ್ನು ಡಾಕೆಟ್ ಎನ್ನುತ್ತಾರೆ, ಅದೂ ಬೇಕು. ಜೈಲಿಗೆ ಹೋಗಿದ್ದರೆ ಆ ರಾಜ್ಯದ ಬಂದೀಖಾನೆ ಇಲಾಖೆಯ ಜಾಲತಾಣದಲ್ಲಿ ಕೈದಿಯ ಹೆಸರು ಹಾಕಿ ಹುಡುಕಿದರೆ ಸಾಮಾನ್ಯವಾಗಿ ತಾರೀಖುಗಳು ಸಿಗುತ್ತವೆ. ಪ್ರೊಬೇಷನ್ ಆಗಿದ್ದರೆ ಆ ಅಧಿಕಾರಿಯನ್ನೇ ಕೇಳಿ ಬರಹದಲ್ಲಿ ಪಡೆಯುವುದು ಒಳ್ಳೆಯದು.

ಇದರಲ್ಲಿ ಎರಡು ತಾರೀಖು ಬೇರೆ ಬೇರೆ ಇರುತ್ತವೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಇಲ್ಲೇ ಎಡವಿದೆ. ಬೆಳಗಿನ ಜಾವ ನಾಲ್ಕು ಗಂಟೆ, ಒಂದು ದಪ್ಪ ಫೈಲು. ಆಸಾಮಿ ಜೈಲಿಂದ ಹೊರಬಂದ ದಿನವನ್ನೇ "ಶಿಕ್ಷೆ ಮುಗಿದ ದಿನ" ಎಂದು ಟಿಪ್ಪಣಿಯಲ್ಲಿ ಬರೆದೆ. ಅವನಿಗೆ ಇನ್ನೂ ಎರಡು ವರ್ಷ ಪರೋಲ್ ಬಾಕಿ ಇತ್ತು. ನಮ್ಮ ಸೀನಿಯರ್ ಮೇಡಂ ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ಬದುಕಿದ್ದ ಕೇಸನ್ನು ನಾನೇ ಸತ್ತ ಕೇಸು ಮಾಡಿ ಕಳಿಸುತ್ತಿದ್ದೆ. ಜೈಲಿಂದ ಬಿಟ್ಟ ದಿನ ಒಂದು. ಶಿಕ್ಷೆ ಪೂರ್ತಿ ತೀರುವ ದಿನ ಇನ್ನೊಂದು. ನಿಮಗೆ ಬೇಕಾದ್ದು ಎರಡನೆಯದು.

ಯಾವುದು ಕಸ್ಟಡಿ, ಯಾವುದು ಅಲ್ಲ

ಕಂಬಿ ಹಿಂದೆ ಇರಲೇಬೇಕೆಂದಿಲ್ಲ. ಇದು ಗಟ್ಟಿಯಾದದ್ದು 1963ರ ಜೋನ್ಸ್ ವಿರುದ್ಧ ಕನಿಂಗ್‌ಹ್ಯಾಮ್ ಕೇಸಿನಲ್ಲಿ. ವರ್ಜೀನಿಯಾದ ಕೈದಿ ಜೋನ್ಸ್‌ಗೆ ಪರೋಲ್ ಸಿಕ್ಕಿತು. ಷರತ್ತು ಏನೆಂದರೆ ಜಾರ್ಜಿಯಾದಲ್ಲಿರುವ ನೆಂಟರ ಮನೆಯಲ್ಲೇ ಇರಬೇಕು. ಅನುಮತಿ ಇಲ್ಲದೆ ಕಾರು ಓಡಿಸಬಾರದು. ತಿಂಗಳಿಗೊಮ್ಮೆ ಅಧಿಕಾರಿಗೆ ವರದಿ ಒಪ್ಪಿಸಬೇಕು. ಅಧಿಕಾರಿ ಮನೆಗೆ ಬಂದರೆ ಬಾಗಿಲು ತೆಗೆಯಬೇಕು. ಬೇರೆಯವರಿಗಿಲ್ಲದ ಇಷ್ಟು ಕಟ್ಟು ಇವನಿಗಿದೆ, ಹಾಗಾಗಿ ಇದೂ ಕಸ್ಟಡಿಯೇ ಎಂದಿತು ಸುಪ್ರೀಂ ಕೋರ್ಟು. ಪ್ರೊಬೇಷನ್ನಿಗೂ ಇದೇ ತರ್ಕವನ್ನು ಫೆಡರಲ್ ಕೋರ್ಟುಗಳು ಹಚ್ಚುತ್ತಾ ಬಂದಿವೆ.

ಹತ್ತು ವರ್ಷದ ನಂತರ, 1973ರಲ್ಲಿ, ಹೆನ್ಸ್ಲಿ ಎಂಬವರ ಕೇಸು. ಮಾನ್ಯತೆ ಇಲ್ಲದೆ ಡಾಕ್ಟರ್ ಆಫ್ ಡಿವಿನಿಟಿ ಪದವಿ ಹಂಚಿದ್ದು ಅಪರಾಧ. (ನಮ್ಮಲ್ಲಿ ಗೌರವ ಡಾಕ್ಟರೇಟು ಹಂಚುವವರು ಇದನ್ನು ಓದದಿರಲಿ.) ಶಿಕ್ಷೆ ಆಗಿತ್ತು, ಆದರೆ ಇನ್ನೂ ಜೈಲಿಗೆ ಹೋಗಿರಲಿಲ್ಲ. ಕರೆದಾಗ ಬರುತ್ತೇನೆ ಎಂಬ ಸ್ವಂತ ಮುಚ್ಚಳಿಕೆಯ ಮೇಲೆ ಹೊರಗಿದ್ದರು. ಅದನ್ನೂ ಕಸ್ಟಡಿ ಎಂದೇ ಒಪ್ಪಿದರು. ಸಮುದಾಯ ಸೇವೆಯ ಗಂಟೆಗಳು ಬಾಕಿ ಇದ್ದವನನ್ನು ಕಸ್ಟಡಿಯಲ್ಲಿದ್ದಾನೆ ಎಂದ ಮೇಲ್ಮನವಿ ಕೋರ್ಟಿನ ತೀರ್ಪೂ ಇದೆ.

ಇನ್ನು ಆಗದೇ ಇರುವುದು. ಬರೀ ದಂಡ ಕಟ್ಟುವ ಶಿಕ್ಷೆ ಕಸ್ಟಡಿ ಅಲ್ಲ ಎಂಬುದೇ ಸಾಮಾನ್ಯ ನಿಲುವು. ಡ್ರೈವಿಂಗ್ ಲೈಸೆನ್ಸ್ ಹೋಯಿತು, ವೃತ್ತಿಯ ಲೈಸೆನ್ಸ್ ಹೋಯಿತು, ಓಟು ಹಾಕುವ ಹಕ್ಕಿಲ್ಲ, ಕೆಲಸ ಸಿಗುತ್ತಿಲ್ಲ, ಇವೆಲ್ಲ ಬರೀ ಪರಿಣಾಮಗಳು. ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಹೆಸರಿರುವುದನ್ನೂ ಹೆಚ್ಚಿನ ಮೇಲ್ಮನವಿ ಕೋರ್ಟುಗಳು ಕಸ್ಟಡಿ ಎಂದು ಒಪ್ಪುವುದಿಲ್ಲ. ಪೆನ್ಸಿಲ್ವೇನಿಯಾದ ಒಂದು ಕೇಸಿನಲ್ಲಿ 2019ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟು ಮಾತ್ರ ಬೇರೆ ಹಾದಿ ಹಿಡಿಯಿತು. ಆ ರಾಜ್ಯದ ಪಟ್ಟಿಯ ಷರತ್ತುಗಳು ಅಷ್ಟು ಬಿಗಿಯಾಗಿದ್ದವು. ಅಂದರೆ ಯಾವ ರಾಜ್ಯ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ನಮ್ಮವರಿಗೆ ಜಾಸ್ತಿ ತಾಗುವ ಸಂಗತಿ ವಲಸೆಯದು. ಪ್ರೊಬೇಷನ್ ಎಂದೋ ಮುಗಿದಿದೆ. ಈಗ ವಲಸೆ ಇಲಾಖೆಯವರು ಹುಡುಗನನ್ನು ಹಿಡಿದು ಕೂಡಿಹಾಕಿದ್ದಾರೆ. "ಒಳಗೇ ಇದ್ದಾನಲ್ಲ, ಇದು ಕಸ್ಟಡಿ ಅಲ್ವಾ?" ಎಂದು ಮನೆಯವರು ಕೇಳುತ್ತಾರೆ. ಕಸ್ಟಡಿ ಹೌದು, ಆದರೆ ಹಿಡಿದವರು ಯಾರು? ವಲಸೆ ಕಾನೂನು. ಹಳೆಯ ರಾಜ್ಯದ ತೀರ್ಪಿನ ಶಿಕ್ಷೆ ಅವನನ್ನು ಹಿಡಿದಿಲ್ಲ, ಅದು ತೀರಿಹೋಗಿದೆ. ಹಿಡಿದಿಟ್ಟದ್ದೇ ತಪ್ಪು ಎಂದು ಬೇರೆ ಥರದ ಹೇಬಿಯಸ್ ಹಾಕಬಹುದು. ಆದರೆ ಅದರ ಹೆಗಲ ಮೇಲೆ ಕೂರಿಸಿ ಹಳೆಯ ಶಿಕ್ಷೆಯನ್ನು ಪ್ರಶ್ನಿಸಲಾಗದು.

ಸುಪ್ರೀಂ ಕೋರ್ಟು 2021ರಲ್ಲಿ ಅಲಾಸ್ಕಾದ ರೈಟ್ ಕೇಸಿನಲ್ಲಿ ಇದನ್ನೇ ಇನ್ನಷ್ಟು ಬಿಗಿ ಮಾಡಿತು. ರೈಟ್ 2016ರಲ್ಲಿ ರಾಜ್ಯದ ಶಿಕ್ಷೆ ಮುಗಿಸಿದ್ದ. ಟೆನೆಸಿಗೆ ಹೋದ, ಅಲ್ಲಿ ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಹೆಸರು ನೋಂದಾಯಿಸಲಿಲ್ಲ, ಹೊಸ ಫೆಡರಲ್ ಕೇಸು ಬಿತ್ತು. ಹಳೆಯ ಶಿಕ್ಷೆ ಇಲ್ಲದಿದ್ದರೆ ಹೊಸ ಕೇಸೇ ಇಲ್ಲ ಎಂಬುದು ಅವನ ವಾದ. ಇರಬಹುದು, ಆದರೂ ಹಳೆಯ ತೀರ್ಪಿನ ಕಸ್ಟಡಿ ಅಲ್ಲ ಎಂದಿತು ಕೋರ್ಟು.

ಎರಡು ಮೂರು ಶಿಕ್ಷೆ ಇದ್ದರೆ

ಇಲ್ಲಿ ಲೆಕ್ಕ ಸ್ವಲ್ಪ ಸೂಕ್ಷ್ಮ. ಒಂದು ಶಿಕ್ಷೆ ಮುಗಿದ ಕೂಡಲೇ ಇನ್ನೊಂದು ಶುರುವಾಗುವಂತೆ ಸಾಲಾಗಿ ಕೊಟ್ಟಿದ್ದರೆ ಅವನ್ನೆಲ್ಲ ಒಂದೇ ಸರಪಳಿ ಎಂದು ನೋಡುತ್ತಾರೆ. 1968ರಲ್ಲಿ ಪೇಟನ್ ವಿರುದ್ಧ ರೋ ಕೇಸಿನಲ್ಲಿ, ಇನ್ನೂ ಶುರುವಾಗದ ಮುಂದಿನ ಶಿಕ್ಷೆಯನ್ನು ಈಗಲೇ ಪ್ರಶ್ನಿಸಬಹುದು ಎಂದರು. 1995ರಲ್ಲಿ ಮಿಸಿಸಿಪ್ಪಿಯ ಗಾರ್ಲಾಟ್ ಹಿಂದಕ್ಕೆ ತಿರುಗಿದ. ಗಾಂಜಾ ಕೇಸಿನ ಮೂರು ವರ್ಷ ಮುಗಿದಿತ್ತು, ಅದರ ಬೆನ್ನಿಗೆ ಕೊಲೆಯ ಜೀವಾವಧಿ ನಡೆಯುತ್ತಿತ್ತು. ಮುಗಿದ ಗಾಂಜಾ ಶಿಕ್ಷೆಯನ್ನೂ ಪ್ರಶ್ನಿಸಬಹುದು, ಸರಪಳಿ ಇನ್ನೂ ತುಂಡಾಗಿಲ್ಲವಲ್ಲ ಎಂದಿತು ಕೋರ್ಟು.

ಆದರೆ ಸರಪಳಿ ಬೇರೆ, ನೆರಳು ಬೇರೆ. 1989ರ ಮಾಲೆಂಗ್ ವಿರುದ್ಧ ಕುಕ್ ನೋಡಿ. ಕುಕ್‌ಗೆ 1958ರಲ್ಲಿ ಒಂದು ದರೋಡೆ ಕೇಸಿನಲ್ಲಿ ಇಪ್ಪತ್ತು ವರ್ಷ ಆಗಿತ್ತು. ಅದು ಮುಗಿಯಿತು. 1978ರಲ್ಲಿ ಬೇರೆ ಅಪರಾಧಕ್ಕೆ ಶಿಕ್ಷೆ ಆಗುವಾಗ "ಹಳೆಯ ಶಿಕ್ಷೆಯೂ ಇದೆ" ಎಂದು ಶಿಕ್ಷೆ ಹೆಚ್ಚಿಸಿದರು. 1958ರದ್ದೇ ತಪ್ಪು ಎಂದು ಅವನು ಹೇಬಿಯಸ್ ಹಾಕಿದ. ಆಗಲಿಲ್ಲ. ಹಳೆಯದರ ನೆರಳು ಹೊಸದರ ಮೇಲೆ ಬಿದ್ದರೆ ಹಳೆಯದು ಬದುಕಿದೆ ಎಂದರ್ಥವಲ್ಲ. ಹೊಸ ಶಿಕ್ಷೆಯನ್ನು ಪ್ರಶ್ನಿಸುತ್ತಾ ಒಳಗಿಂದ ಹಳೆಯದನ್ನು ಕೆದಕೋಣ ಎಂದರೆ ಆ ದಾರಿಯನ್ನೂ 2001ರಲ್ಲಿ ಬಹುತೇಕ ಮುಚ್ಚಿದರು. ಹಳೆಯ ಕೇಸಿನಲ್ಲಿ ವಕೀಲರನ್ನೇ ಕೊಟ್ಟಿರಲಿಲ್ಲ ಎಂಬಂಥ ಸಂದರ್ಭಕ್ಕೆ ಒಂದು ಕಿಂಡಿ ಉಳಿದಿದೆ.

ಯಾವ ದಿನ ಲೆಕ್ಕ?

ಅರ್ಜಿ ಸಲ್ಲಿಸಿದ ದಿನ. ಅಷ್ಟೇ. ಆ ದಿನ ಕಸ್ಟಡಿಯಲ್ಲಿದ್ದರೆ, ಮಾರನೇ ದಿನ ಶಿಕ್ಷೆ ತೀರಿದರೂ ಕೋರ್ಟಿನ ಅಧಿಕಾರ ಹೋಗುವುದಿಲ್ಲ. ಕಾಫಿಗೆ ಹೂಮಳೆ ಇದ್ದ ಹಾಗೆ. ಸರಿಯಾದ ಹೊತ್ತಿಗೆ ಒಂದು ಇಂಚು ಬಿದ್ದರೆ ಹೂವಾಯಿತು. ಹೊತ್ತು ಮೀರಿ ಹತ್ತು ಇಂಚು ಸುರಿದರೂ ಪ್ರಯೋಜನವಿಲ್ಲ.

ಇದು 1968ರ ಕರಾಫಸ್ ಕೇಸು. ನ್ಯೂಯಾರ್ಕಿನವನು, 1963ರಲ್ಲಿ ಫೆಡರಲ್ ಕೋರ್ಟಿಗೆ ಅರ್ಜಿ ಹಾಕಿದ. ಕೇಸು ಎಳೆಯಿತು. ಸುಪ್ರೀಂ ಕೋರ್ಟಿಗೆ ಅರ್ಜಿ ತಲುಪುವ ಎರಡು ವಾರ ಮುಂಚೆ, 1967ರ ಮಾರ್ಚ್ 6ಕ್ಕೆ, ಶಿಕ್ಷೆ ಪೂರ್ತಿ ತೀರಿತು. ಕೇಸು ಸತ್ತಿಲ್ಲ ಎಂದರು. ಯಾಕೆಂದರೆ ಅವನಿಗೆ ಓಟಿಲ್ಲ, ಕೆಲವು ವ್ಯಾಪಾರ ಮಾಡುವಂತಿಲ್ಲ, ಜ್ಯೂರಿಯಲ್ಲಿ ಕೂರುವಂತಿಲ್ಲ. ಗಮನಿಸಿ, ಈ ಪರಿಣಾಮಗಳು ಬಾಗಿಲು ತೆಗೆಸುವುದಿಲ್ಲ. ಒಳಗೆ ಹೋದವನನ್ನು ಹೊರಗೆ ದಬ್ಬದಂತೆ ಮಾತ್ರ ನೋಡಿಕೊಳ್ಳುತ್ತವೆ.

ಇಷ್ಟು ಓದಿದವರು "ಹಾಗಾದರೆ ಐದು ವರ್ಷದ ಪ್ರೊಬೇಷನ್ ಇದ್ದರೆ ಐದು ವರ್ಷ ಟೈಮಿದೆ" ಅಂದುಕೊಳ್ಳುತ್ತಾರೆ. ಇಲ್ಲ. ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. 1996ರಲ್ಲಿ ಬಂದ ಕಾನೂನು ಒಂದು ವರ್ಷದ ಗಡುವು ಹಾಕಿತು. ಸಾಮಾನ್ಯವಾಗಿ ನೇರ ಅಪೀಲುಗಳು ಅಂತಿಮವಾದ ದಿನದಿಂದ ಒಂದು ವರ್ಷ. ರಾಜ್ಯದ ದೊಡ್ಡ ಕೋರ್ಟು ಅಪೀಲು ನಿರಾಕರಿಸಿದ ಮೇಲೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಲು 90 ದಿನ ಇರುತ್ತದೆ. ಹೋಗದಿದ್ದರೆ ಆ 90 ದಿನ ಕಳೆದ ಮೇಲೆ ವರ್ಷ ಶುರು. ಅಪೀಲೇ ಮಾಡದೆ ಬಿಟ್ಟಿದ್ದರೆ ಆ ರಾಜ್ಯದ ಅಪೀಲಿನ ಗಡುವು ಮುಗಿದ ದಿನದಿಂದ. ಅಪೀಲು ಮುಗಿದ ಮೇಲೆ ಶಿಕ್ಷೆಯನ್ನು ಮತ್ತೆ ಪ್ರಶ್ನಿಸಿ ರಾಜ್ಯದ ಕೋರ್ಟಿನಲ್ಲಿ ಸರಿಯಾಗಿ ಹಾಕಿದ ಅರ್ಜಿ ಬಾಕಿ ಇರುವಷ್ಟು ದಿನ ಗಡಿಯಾರ ನಿಂತಿರುತ್ತದೆ. ಕಸ್ಟಡಿ, ಒಂದು ವರ್ಷದ ಗಡುವು, ಈ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ನಿಮ್ಮ ಕೊನೆಯ ದಿನ.

ಇದರ ಮೇಲೆ ಇನ್ನೊಂದು ಭಾರ. ಫೆಡರಲ್ ಕೋರ್ಟಿಗೆ ಹೋಗುವ ಮುಂಚೆ ರಾಜ್ಯದ ಕೋರ್ಟುಗಳನ್ನು ಕೊನೆ ಮೆಟ್ಟಿಲಿನವರೆಗೆ ಹತ್ತಿರಬೇಕು, ಸಂವಿಧಾನದ ಅದೇ ವಾದವನ್ನು ಅಲ್ಲಿ ಹೇಳಿರಬೇಕು. ಆರು ತಿಂಗಳ ಪ್ರೊಬೇಷನ್ ಇರುವವನು ಇದನ್ನೆಲ್ಲ ಹತ್ತಿ ಮುಗಿಸುವಷ್ಟರಲ್ಲಿ ಪ್ರೊಬೇಷನ್ನೇ ಮುಗಿದಿರುತ್ತದೆ. ನನಗೆ ಈ ನಿಯಮದಲ್ಲಿ ಅತಿ ಬೇಸರ ತರಿಸುವುದು ಇದೇ. ಇಪ್ಪತ್ತು ವರ್ಷ ಶಿಕ್ಷೆ ಬಿದ್ದವನಿಗೆ ಫೆಡರಲ್ ಕೋರ್ಟಿನ ದಾರಿ ಉಂಟು. ಸಣ್ಣ ಶಿಕ್ಷೆಯವನಿಗೆ ಇಲ್ಲ. ಆದರೆ ವೀಸಾ, ಗ್ರೀನ್ ಕಾರ್ಡ್ ಕಳೆದುಕೊಳ್ಳುವುದು ಹೆಚ್ಚಾಗಿ ಈ ಸಣ್ಣ ಶಿಕ್ಷೆಯವರೇ.

ಇದಕ್ಕೆ ಇರುವ ಒಂದು ಉಪಾಯ: ಶಿಕ್ಷೆ ತೀರುವ ಮುಂಚೆ ಫೆಡರಲ್ ಅರ್ಜಿ ಹಾಕಿ, "ರಾಜ್ಯದಲ್ಲಿ ಮುಗಿಯುವವರೆಗೆ ಇದನ್ನು ತಡೆಹಿಡಿದಿಡಿ" ಎಂದು ಕೇಳಿಕೊಳ್ಳುವುದು. 2005ರ ರೈನ್ಸ್ ವಿರುದ್ಧ ವೆಬರ್ ತೀರ್ಪು ಇಂಥ ತಡೆಗೆ ದಾರಿ ಮಾಡಿದೆ. ತಡವಾದದ್ದಕ್ಕೆ ಒಳ್ಳೆ ಕಾರಣ ಬೇಕು, ಕೋರ್ಟು ಒಪ್ಪಲೇಬೇಕೆಂದಿಲ್ಲ. ಆದರೂ ವಕೀಲರ ಹತ್ತಿರ ಇದನ್ನು ಹೆಸರು ಹಿಡಿದು ಕೇಳಿ.

ಅರ್ಜಿ ಹಾಕುವಾಗ

ಇದು ದೊಡ್ಡ ವಿಷಯವಲ್ಲ. ನಮೂನೆ ಇದೆ, ಎಒ 241 ಎಂದು ಅದರ ಸಂಖ್ಯೆ. ಫೀಸು 5 ಡಾಲರ್. ಬೆಂಗಳೂರಿನ ರಸೀದಿಯಲ್ಲಿ "ಕೋರ್ಟ್ ಫೀ" ಎಂದೇ ಎಷ್ಟು ಸಾವಿರ ಬರೆದಿದ್ದರು ಎಂದು ನಾನಿಲ್ಲಿ ಹೇಳುವುದಿಲ್ಲ, ಮಾವ ಓದಿದರೆ ಮತ್ತೆ ಬಿಪಿ ಏರುತ್ತದೆ. ಸೆರೆಯಾಳು ಸ್ವತಃ ಹಾಕಬಹುದು, ಅವನ ಪರವಾಗಿ ಬೇರೆಯವರೂ ಹಾಕಬಹುದು ಎಂದು ಕಾನೂನಿನಲ್ಲಿದೆ. ಆದರೆ ಅವನಿಗೇ ಯಾಕೆ ಆಗುವುದಿಲ್ಲ ಎಂದು ತೋರಿಸಬೇಕು. ಅಪ್ಪ ಇಲ್ಲಿಂದ ಸಹಿ ಹಾಕಿ ಕಳಿಸಿದರೆ ಆಗುವ ಕೆಲಸ ಅಲ್ಲ.

ಎದುರುದಾರರ ಹೆಸರು ತಪ್ಪಬಾರದು. ಜೈಲಿನಲ್ಲಿದ್ದರೆ ಜೈಲಿನ ಮುಖ್ಯಸ್ಥರು. ಪರೋಲ್, ಪ್ರೊಬೇಷನ್ ಇದ್ದರೆ ಆ ಅಧಿಕಾರಿ ಮತ್ತು ಇಲಾಖೆಯ ಮುಖ್ಯಸ್ಥರು. ಈ ಬಗ್ಗೆ 2004ರ ಪಡಿಲ್ಲ ಕೇಸು ನೆನಪಿಡಿ. ದಕ್ಷಿಣ ಕೆರೊಲಿನಾದ ನೌಕಾಪಡೆ ಸೆರೆಮನೆಯಲ್ಲಿದ್ದವನ ಅರ್ಜಿಯನ್ನು ನ್ಯೂಯಾರ್ಕಿನಲ್ಲಿ, ರಕ್ಷಣಾ ಮಂತ್ರಿ ರಮ್ಸ್‌ಫೆಲ್ಡ್ ಹೆಸರಿಗೆ ಹಾಕಿದ್ದರು. ತಪ್ಪು ಜಾಗ, ತಪ್ಪು ಹೆಸರು ಎಂದು ವಾಪಸ್ಸಾಯಿತು. 2010ರಲ್ಲಿ ಇನ್ನೊಂದು ಪಡಿಲ್ಲ ಕೇಸಿದೆ, ಹೆಸರೂ ಹೋಸೆ ಪಡಿಲ್ಲ ಎಂದೇ, ಆಸಾಮಿ ಬೇರೆ! ನಮ್ಮ ಆಫೀಸಿನಲ್ಲಿ ಹೊಸಬರೆಲ್ಲ ಒಮ್ಮೆಯಾದರೂ ಇವರಿಬ್ಬರನ್ನು ಒಂದೇ ಫೈಲಿಗೆ ಹಾಕುತ್ತಿದ್ದರು.

ಕಸ್ಟಡಿ ಮುಗಿದುಹೋಗಿದ್ದರೆ

ಆ ಎರಡನೇ ಪಡಿಲ್ಲ ಮಾವನ ಮಗನಂಥವರಿಗೆ ಬೇಕಾದವನು. ಹೊಂಡುರಾಸ್ ಮೂಲದವನು, ನಲವತ್ತು ವರ್ಷ ಅಮೆರಿಕದಲ್ಲಿದ್ದವನು, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನು. ಲಾರಿಯಲ್ಲಿ ಗಾಂಜಾ ಸಾಗಿಸಿದ ಕೇಸು ಬಿತ್ತು. ಇಷ್ಟು ವರ್ಷ ಇಲ್ಲಿದ್ದೀಯ, ಗಡಿಪಾರಿನ ಚಿಂತೆ ಬೇಡ ಎಂದಿದ್ದರು ವಕೀಲರು. ಅದನ್ನು ನಂಬಿ ತಪ್ಪೊಪ್ಪಿಕೊಂಡ. ತಪ್ಪೊಪ್ಪಿಗೆಯಿಂದ ದೇಶ ಬಿಡಬೇಕಾಗಬಹುದು ಎಂದು ಹೇಳುವುದು ವಕೀಲರ ಕರ್ತವ್ಯ ಎಂದಿತು ಸುಪ್ರೀಂ ಕೋರ್ಟು. 2013ರಲ್ಲಿ ಅದಕ್ಕೆ ಬಾಲ ಸೇರಿಸಿದರು: ಈ ತೀರ್ಪಿಗಿಂತ ಮೊದಲೇ ಅಂತಿಮವಾದ ಕೇಸುಗಳಿಗೆ ಇದು ಹಿಂದಕ್ಕೆ ಅನ್ವಯಿಸದು.

ಈ ವಾದವನ್ನು ಕಸ್ಟಡಿ ಮುಗಿದ ಮೇಲೆ ಫೆಡರಲ್ ಹೇಬಿಯಸ್ಸಿನಲ್ಲಿ ಹೇಳಲಾಗದು. ಶಿಕ್ಷೆ ಕೊಟ್ಟ ರಾಜ್ಯಕ್ಕೇ ವಾಪಸ್ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ ದಂಡಸಂಹಿತೆಯ 1473.7 ಇದೆ. 2017ರ ಜನವರಿ 1ರಿಂದ ಜಾರಿ. ಕ್ರಿಮಿನಲ್ ಕಸ್ಟಡಿಯಲ್ಲಿ ಇಲ್ಲದವರು, ತಪ್ಪೊಪ್ಪಿಗೆಯ ವಲಸೆ ಪರಿಣಾಮ ತಮಗೆ ಸರಿಯಾಗಿ ಅರ್ಥವಾಗಿರಲಿಲ್ಲ ಎಂದು ಶಿಕ್ಷೆ ರದ್ದು ಕೇಳಬಹುದು. ನ್ಯೂಯಾರ್ಕಿನಲ್ಲಿ 440.10 ಎಂಬ ಅರ್ಜಿ ಇದೆ, ಅದಕ್ಕೂ ಕಸ್ಟಡಿ ಬೇಕಿಲ್ಲ. ಬೇರೆ ರಾಜ್ಯಗಳ ನಿಯಮ ಬೇರೆ. ತೀರ್ಪು ಕೊಟ್ಟ ಕೋರ್ಟಿಗೇ ಅದರ ತಪ್ಪು ತಿದ್ದಲು ಕೇಳುವ ಹಳೆಯ ಕೋರಂ ನೋಬಿಸ್ ರಿಟ್ ಬಗ್ಗೆ ಯಾರಾದರೂ ಹೇಳಿದರೆ, ಫೆಡರಲ್ ಕೋರ್ಟಿನಲ್ಲಿ ಅದು ಫೆಡರಲ್ ಶಿಕ್ಷೆಗೆ ಮಾತ್ರ ಎಂದು ತಿಳಿದಿರಲಿ.

ಮಾವನ ಮಗ ಈಗ ಅಲ್ಲಿನ ಒಬ್ಬ ವಕೀಲರ ಮೂಲಕ 1473.7ರ ಅರ್ಜಿ ಹಾಕಿದ್ದಾನೆ. ಇನ್ನೂ ವಿಚಾರಣೆಗೆ ಬಂದಿಲ್ಲ. ಮುಂಗಡದಲ್ಲಿ ಅರ್ಧ ವಾಪಸ್ ಬಂತು.

ಈ ವರ್ಷ ಮಾರ್ಚಿನಲ್ಲಿ, ಹೂಮಳೆ ಬಿದ್ದ ಮಾರನೇ ದಿನ, ಶನಿವಾರಸಂತೆ ಕಡೆಯ ಒಬ್ಬ ಅಕ್ಕ ಫೋನ್ ಮಾಡಿದರು. ತಮ್ಮನ ಕೇಸು, ಬೇರೆ ರಾಜ್ಯ. ಅಲ್ಲಿನ ದೊಡ್ಡ ಕೋರ್ಟು ಅಪೀಲು ನಿರಾಕರಿಸಿ ಒಂಬತ್ತು ತಿಂಗಳಾಗಿತ್ತು. ಪ್ರೊಬೇಷನ್ ಇನ್ನೂ ಏಳು ತಿಂಗಳು ಬಾಕಿ. ಒಂಬತ್ತರಲ್ಲಿ 90 ದಿನ ಕಳೆಯಿರಿ, ಒಂದು ವರ್ಷದ ಗಡಿಯಾರ ಆರು ತಿಂಗಳು ಓಡಿದೆ, ಆರು ಉಳಿದಿದೆ. ಏಳಲ್ಲ, ಆರೇ ಗಡುವು ಎಂದೆ.

"ಅಯ್ಯೋ, ಅಷ್ಟೆಲ್ಲ ಇಲ್ಲ ಕಣಪ್ಪ. ಅವನ ವಕೀಲರು ಪ್ರೊಬೇಷನ್ ಬೇಗ ಮುಗಿಸಿಕೊಡ್ತಾರಂತೆ. ಮುಂದಿನ ವಾರ ಸಹಿ ಅಂತೆ" ಎಂದರು ಅಕ್ಕ, ಖುಷಿಯಲ್ಲಿ.

ನಾನು ಕಣದಲ್ಲಿ ನಿಂತಿದ್ದೆ, ಅಲ್ಲೇ ಕೂತುಬಿಟ್ಟೆ. ಪ್ರೊಬೇಷನ್ ಬೇಗ ಮುಗಿದರೆ ಯಾರಿಗೆ ಬೇಡ? ಆದರೆ ಆ ಸಹಿ ಬಿದ್ದು ಕೋರ್ಟು ಒಪ್ಪಿದ ಗಳಿಗೆಗೆ ಕಸ್ಟಡಿ ಹೋಯಿತು, ಅದರ ಜೊತೆ ಫೆಡರಲ್ ಕೋರ್ಟಿನ ದಾರಿಯೂ. ಆ ವಕೀಲರದ್ದು ತಪ್ಪೇನಿಲ್ಲ. ಹೇಬಿಯಸ್ ಹಾಕುವ ಯೋಚನೆ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. "ಅಕ್ಕ, ಮೊದಲು ಅರ್ಜಿ, ಆಮೇಲೆ ಸಹಿ. ಇಷ್ಟನ್ನೇ ತಮ್ಮನಿಗೆ ಮೆಸೇಜ್ ಮಾಡಿ. ಅವನು ಅದನ್ನು ವಕೀಲರಿಗೆ ತೋರಿಸಲಿ" ಎಂದೆ.

ಮೇ ತಿಂಗಳಲ್ಲಿ ಅರ್ಜಿಯ ಮೊದಲ ಪುಟದ ಫೋಟೋ ಬಂತು. ಮೇಲೆ ಫೆಡರಲ್ ಕೋರ್ಟಿನ ದಾಖಲಾತಿ ಮುದ್ರೆ, ತಾರೀಖು ಸ್ಪಷ್ಟವಾಗಿತ್ತು. ಪ್ರೊಬೇಷನ್ ಮುಗಿಸುವ ಕಾಗದಕ್ಕೆ ಸಹಿ ಬಿದ್ದದ್ದು ಎರಡು ವಾರ ಕಳೆದು. ಎಲ್ಲ ತೋಟಗಳಲ್ಲಿರುವಂತೆ ನಮ್ಮಲ್ಲೂ ಮಳೆ ಲೆಕ್ಕದ ಪುಸ್ತಕವಿದೆ, ಅಜ್ಜನ ಕಾಲದಿಂದ ಇಂಚು ಸೆಂಟಿನಲ್ಲೇ ಬರೆಯುತ್ತೇವೆ, ನೂರು ಸೆಂಟಿಗೆ ಒಂದು ಇಂಚು. ಅವತ್ತು ಒಂದು ಇಂಚು ಇಪ್ಪತ್ತು ಸೆಂಟ್ ಬಿದ್ದಿತ್ತು. ಅದರ ಪಕ್ಕದಲ್ಲಿ ಬರೆದಿಟ್ಟೆ: "ಶನಿವಾರಸಂತೆ ಅಕ್ಕನ ತಮ್ಮ, ಅರ್ಜಿ ದಾಖಲು. ಕಸ್ಟಡಿ ಇತ್ತು."